ಅಲೆಯೂರಿನಲ್ಲಿ ಬಿಡಾರ ಎಲ್ಲಿ?

ಪರವೂರಿಗೆ ಹೊರಟವರ ಮೊದಲ ಚಿಂತೆ ಬಿಡಾರದ್ದು. ತೀರ್ಥಯಾತ್ರೆಗೆ ಹೊರಟವರು ಛತ್ರ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಮದುವೆಗೆ ಹೊರಟವರು ಆ ಊರಿನಲ್ಲಿ ನಂಟರು ಯಾರಿದ್ದಾರೆಂದು ನೆನಪು ಮಾಡಿಕೊಳ್ಳುತ್ತಾರೆ. ಕಡಲತೀರದ ಊರಿಗೆ ಹೊರಟವರ ಬೇಡಿಕೆ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ: ಕೋಣೆಯ ಕಿಟಕಿ ತೆರೆದರೆ ಸಮುದ್ರ ಕಾಣಬೇಕು, ರಾತ್ರಿ ಮಲಗಿದಾಗ ಅಲೆಯ ಸದ್ದು ಕೇಳಬೇಕು. ಈ ಆಸೆ ನಮಗೆ ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಅದಕ್ಕೂ ಒಂದು ಚರಿತ್ರೆಯಿದೆ, ಅದಕ್ಕೆ ಯಾರೋ ಬೆಲೆ ತೆರುತ್ತಿದ್ದಾರೆ ಎಂಬುದು ಹೊಳೆಯುವುದೇ ಇಲ್ಲ.

ಇಂಡೋನೇಷ್ಯದ ಬಾಲಿ ದ್ವೀಪ ಈ ಚರಿತ್ರೆಯನ್ನು ಓದಲು ತಕ್ಕ ಜಾಗ. ವಿಸ್ತೀರ್ಣದಲ್ಲಿ ಅದು ನಮ್ಮ ಹಾಸನ ಜಿಲ್ಲೆಗಿಂತ ಚಿಕ್ಕದು. ಜನಸಂಖ್ಯೆ ಸುಮಾರು 44 ಲಕ್ಷ. ಅಲೆಯ ಮೇಲೆ ಹಲಗೆ ಹಾಕಿ ಸವಾರಿ ಮಾಡುವ ಸರ್ಫಿಂಗ್ ಆಟಕ್ಕೆ ಜಗತ್ತಿನಲ್ಲಿ ಹೆಸರಾದ ತೀರಗಳು ಅಲ್ಲಿವೆ. 2023 ಮತ್ತು 2024ರಲ್ಲಿ ಅಲ್ಲಿಗೆ ಹೋದ ವಿದೇಶೀಯರ ಪಟ್ಟಿಯಲ್ಲಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಭಾರತೀಯರದು. 2024ರಲ್ಲಿ ಬೆಂಗಳೂರಿನಿಂದಲೇ ನೇರ ವಿಮಾನ ಆರಂಭವಾದ ಮೇಲೆ ಕನ್ನಡಿಗರ ಮನೆಗಳಲ್ಲಿಯೂ ಆ ಪ್ರಶ್ನೆ ಕೇಳಿಬರುತ್ತಿದೆ: ಉಳಿಯುವುದು ಎಲ್ಲಿ? ಕೂಟಾದಲ್ಲೋ, ನೂಸಾ ದುವಾದಲ್ಲೋ, ಉಲುವಾಟುವಿನಲ್ಲೋ, ಚಂಗುವಿನಲ್ಲೋ?

ಪ್ರವಾಸದ ಕೈಪಿಡಿಗಳು ಈ ಹೆಸರುಗಳನ್ನು ಬಾಡಿಗೆಯ ದರದ ಪ್ರಕಾರ ಜೋಡಿಸಿ ಕೊಡುತ್ತವೆ. ಆದರೆ ಈ ನಾಲ್ಕು ಊರುಗಳು ನಾಲ್ಕು ಬೇರೆ ಬೇರೆ ಕಾಲಗಳಲ್ಲಿ ಬೆಳೆದವು. ಅತಿಥಿಯನ್ನು ಎಲ್ಲಿ ಇರಿಸಬೇಕು ಎಂಬ ಪ್ರಶ್ನೆಗೆ ದ್ವೀಪ ಕೊಟ್ಟ ನಾಲ್ಕು ಉತ್ತರಗಳು ಅವು. ಅವನ್ನು ಅರಿತವನಿಗೆ ಕೋಣೆ ಆರಿಸುವುದು ಸುಲಭ. ತಾನು ಆರಿಸಿದ ಕೋಣೆಯಿಂದ ಅಲ್ಲಿಯವರ ಬದುಕಿಗೆ ಏನಾಗುತ್ತದೆಂಬುದೂ ತಿಳಿಯುತ್ತದೆ.

ಬೆಟ್ಟದ ದಿಕ್ಕು, ಕಡಲ ದಿಕ್ಕು

ನಮ್ಮ ಕರಾವಳಿಯವರು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ನಾಡನ್ನು ಎರಡು ಮಾಡಿ ಹೇಳುವುದುಂಟು. ಬಾಲಿಯವರು ಈ ಕ್ರಮವನ್ನು ಮನೆಯ ಒಳಗೂ ತಂದಿದ್ದಾರೆ. ಅವರ ಮುಖ್ಯ ದಿಕ್ಕುಗಳು ಎರಡು: ಬೆಟ್ಟದ ಕಡೆ ‘ಕಜಾ’, ಕಡಲ ಕಡೆ ‘ಕೆಲೋದ್’. ದ್ವೀಪದ ನಡುವೆ ಅಗ್ನಿಪರ್ವತಗಳ ಸಾಲಿದೆ. ಅದರಲ್ಲಿ ಮೂರು ಸಾವಿರ ಮೀಟರಿಗೂ ಎತ್ತರವಾದ ಅಗುಂಗ್ ಪರ್ವತ ದೇವತೆಗಳ ನೆಲೆಯೆಂದು ಅವರ ನಂಬಿಕೆ. ಹೀಗಾಗಿ ದಕ್ಷಿಣ ಬಾಲಿಯವನಿಗೆ ಕಜಾ ಎಂದರೆ ಉತ್ತರ, ಉತ್ತರ ತೀರದವನಿಗೆ ಕಜಾ ಎಂದರೆ ದಕ್ಷಿಣ. ದಿಕ್ಸೂಚಿಯ ಮುಳ್ಳು ಏನನ್ನಾದರೂ ತೋರಿಸಲಿ, ದಿಕ್ಕು ನಿರ್ಧಾರವಾಗುವುದು ಬೆಟ್ಟದಿಂದ.

ಮನೆ ಕಟ್ಟುವುದೂ ಇದೇ ಲೆಕ್ಕದಲ್ಲಿ. ಸುತ್ತಲೂ ಗೋಡೆಯಿರುವ ಹಿತ್ತಿಲಿನಲ್ಲಿ ಕುಲದೇವರ ಗುಡಿ ಬೆಟ್ಟ ಮತ್ತು ಮೂಡಣ ಸೇರುವ ಮೂಲೆಗೆ; ಅಡುಗೆಮನೆ, ಹಂದಿಗೂಡು, ಕಸದ ಗುಂಡಿ ಕಡಲಿನ ಕಡೆಗೆ. ಮಲಗುವಾಗ ತಲೆ ಬೆಟ್ಟದ ಕಡೆಗೆ ಅಥವಾ ಮೂಡಣಕ್ಕೆ. ಉತ್ತರಕ್ಕೆ ತಲೆ ಹಾಕಬೇಡವೆಂದು ನಮ್ಮ ಅಜ್ಜಿಯರು ಗದರುತ್ತಿದ್ದರೆ, ದಕ್ಷಿಣ ಬಾಲಿಯ ಅಜ್ಜಿ ಉತ್ತರಕ್ಕೇ ತಲೆಯಿಡಲು ಹೇಳುತ್ತಾಳೆ.

ಇದರಿಂದ ಅವರು ಕಡಲನ್ನು ಹೀನವೆಂದು ಬಗೆಯುತ್ತಾರೆಂದು ತಿಳಿಯಬಾರದು. ಕಡಲು ಅಪಾಯದ ತಾಣ. ಹಾಗೆಯೇ ಎಲ್ಲ ಕೊಳೆಯನ್ನೂ ತೊಳೆಯುವ ತಾಣ. ವರ್ಷಕ್ಕೊಮ್ಮೆ ‘ಮೆಲಸ್ತಿ’ಯಂದು ಊರಿನ ದೇವರ ಲಾಂಛನಗಳನ್ನು ಹೊತ್ತು ಮೆರವಣಿಗೆಯಲ್ಲಿ ತೀರಕ್ಕೆ ಬಂದು ಶುದ್ಧಿ ಮಾಡಿಕೊಂಡು ಹೋಗುತ್ತಾರೆ. ಸತ್ತವರ ಬೂದಿಯನ್ನು ಬಿಡುವುದೂ ಸಮುದ್ರಕ್ಕೆ. ಹೋಗಿ ಕೆಲಸ ಮುಗಿಸಿಕೊಂಡು ಮರಳಬೇಕಾದ ಸ್ಥಳ ಅದು; ಅಲ್ಲಿ ಹಾಸಿಗೆ ಬಿಡಿಸಿ ಮಲಗುವ ಯೋಚನೆ ಹಳೆಯ ಬಾಲಿಗೆ ಇರಲಿಲ್ಲ. ತೀರದ ಮರಳು ನೆಲದಲ್ಲಿ ಬತ್ತ ಬೆಳೆಯುವುದಿಲ್ಲ, ತೆಂಗು ಬೆಳೆಯುತ್ತದೆ. ಬೆಲೆಬಾಳುವ ಭೂಮಿಯೆಂದರೆ ಒಳನಾಡಿನ ನೀರಾವರಿ ಗದ್ದೆ. ಹೊರಗಿನಿಂದ ಬಂದವರ ಕಣ್ಣಿಗೆ ಬಿದ್ದದ್ದು ಈ ಬೆಲೆಯಿಲ್ಲದ ಮರಳುನೆಲ.

ಬಿದಿರಿನ ಹೋಟೆಲು

ಕೂಟಾ ಹಿಂದೆಯೂ ಪರಕೀಯರಿಗೆ ಅಪರಿಚಿತವಾಗಿರಲಿಲ್ಲ. 1839ರಲ್ಲಿ ಡೆನ್ಮಾರ್ಕಿನ ವ್ಯಾಪಾರಿ ಮಾಡ್ಸ್ ಲಾಂಗೆ ಅಲ್ಲಿ ಕೋಠಿ ಕಟ್ಟಿ ಹಡಗು ವ್ಯಾಪಾರ ನಡೆಸಿದ. ಬಾಲಿಯ ರಾಜರಿಗೂ ಡಚ್ಚರಿಗೂ ನಡುವೆ ಮಧ್ಯಸ್ಥನಾಗಿದ್ದ ಆತ 1856ರಲ್ಲಿ ತೀರಿಕೊಂಡ. ಸಮಾಧಿ ಕೂಟಾದಲ್ಲಿಯೇ ಇದೆ. ಆದರೆ ಅದು ಬಂದರಿನ ಊರು, ವಿಹಾರದ ಊರಲ್ಲ. ಡಚ್ ಆಳ್ವಿಕೆಯಲ್ಲಿ ಪ್ರವಾಸಿಗಳು ಹಡಗಿನಲ್ಲಿ ಉತ್ತರ ತೀರದಲ್ಲಿ ಇಳಿದು, ಡೆನ್ಪಸಾರ್ ಪಟ್ಟಣದ ಒಳಗೆ ಹಡಗು ಕಂಪೆನಿಯವರೇ 1920ರ ದಶಕದ ಕೊನೆಯಲ್ಲಿ ತೆರೆದ ಬಾಲಿ ಹೋಟೆಲಿನಲ್ಲಿ ತಂಗುತ್ತಿದ್ದರು. ನೃತ್ಯ, ದೇಗುಲ, ಗದ್ದೆಗಳನ್ನು ನೋಡಿ ಹೊರಡುತ್ತಿದ್ದರು. ಸಮುದ್ರ ಅವರ ಕಾರ್ಯಕ್ರಮದಲ್ಲಿ ಮುಖ್ಯವಾಗಿರಲಿಲ್ಲ.

1936ರಲ್ಲಿ ಅಮೆರಿಕದ ರಾಬರ್ಟ್ ಕೋಕ್ ಮತ್ತು ಲೂಯಿಸ್ ಗ್ಯಾರೆಟ್ ಎಂಬ ಜೋಡಿ ಈ ಕ್ರಮವನ್ನು ತಲೆಕೆಳಗು ಮಾಡಿತು. ಕೂಟಾದ ಖಾಲಿ ಮರಳಿನ ಮೇಲೆ ಬಿದಿರು ಮತ್ತು ಹುಲ್ಲು ಹೊದೆಸಿದ ಗುಡಿಸಲುಗಳ ಒಂದು ಹೋಟೆಲು ತೆರೆದರು. ರಾಬರ್ಟ್ ಹವಾಯಿ ದ್ವೀಪದಲ್ಲಿ ಸರ್ಫಿಂಗ್ ಕಲಿತವನು. ಕೂಟಾದ ಅಲೆಗಳ ಮೇಲೆ ಮೊದಲು ಹಲಗೆ ಓಡಿಸಿದವನೆಂದು ಅವನ ಹೆಸರನ್ನೇ ಹೇಳುತ್ತಾರೆ. ಅವರ ಜೊತೆಗಿದ್ದು ಜಗಳವಾಡಿ ಬೇರೆಯಾದ, ಕೆತುತ್ ತಂತ್ರಿ ಎಂದು ಬಾಲಿಯ ಹೆಸರಿಟ್ಟುಕೊಂಡಿದ್ದ ಮಹಿಳೆ ಪಕ್ಕದಲ್ಲಿಯೇ ಇನ್ನೊಂದು ಹೋಟೆಲು ಕಟ್ಟಿಸಿದಳು. ಅದರ ಹೆಸರು ‘ಸುವಾರಾ ಸೆಗಾರಾ’. ನಮ್ಮ ಕಿವಿಗೆ ಅದು ತಟ್ಟನೆ ತಿಳಿಯುತ್ತದೆ: ಸ್ವರ, ಸಾಗರ. ಕಡಲ ಸದ್ದನ್ನೇ ಬಾಡಿಗೆಗೆ ಕೊಡುವ ವ್ಯವಹಾರ ಹೀಗೆ ಆರಂಭವಾಯಿತು. ಮುಂದೆ ಇಂಡೋನೇಷ್ಯದ ಸ್ವಾತಂತ್ರ್ಯ ಹೋರಾಟದ ಪರವಾಗಿ ರೇಡಿಯೋ ಭಾಷಣ ಮಾಡಿ ‘ಸುರಬಾಯಾ ಸೂ’ ಎಂದು ಹೆಸರಾದವಳು ಇದೇ ಕೆತುತ್ ತಂತ್ರಿ. 1942ರಲ್ಲಿ ಜಪಾನೀಯರು ಬಂದರು, ಹೋಟೆಲುಗಳು ಉಳಿಯಲಿಲ್ಲ. ತೀರ ಮತ್ತೆ ತೆಂಗಿನ ಮರಗಳಿಗೂ ಮೀನುಗಾರರಿಗೂ ಸೇರಿತು.

ಯೋಜನೆಯ ಊರು, ಓಣಿಯ ಊರು

ಎರಡನೆಯ ಆರಂಭ ಸರಕಾರದ್ದು. ಯುದ್ಧದ ಪರಿಹಾರವಾಗಿ ಜಪಾನು ಕೊಟ್ಟ ಹಣದಲ್ಲಿ ಸಾನೂರ್ ತೀರದಲ್ಲಿ ಹತ್ತು ಅಂತಸ್ತಿನ ಹೋಟೆಲು 1966ರಲ್ಲಿ ತೆರೆಯಿತು. ಸುಕರ್ಣೊ ಕಾಲದ ರಾಜಕೀಯ ಕುಸಿದು, ದ್ವೀಪದಲ್ಲಿ ಸುಮಾರು ಎಂಬತ್ತು ಸಾವಿರ ಜನರ ಕಗ್ಗೊಲೆ ನಡೆಯಿತೆಂದು ಚರಿತ್ರಕಾರರು ಅಂದಾಜು ಮಾಡುವ 1965-66ರ ದುರಂತದ ಬೆನ್ನಿಗೇ ಅದು ಬಾಗಿಲು ತೆರೆದದ್ದು. ತೆಂಗಿನ ತೋಪುಗಳ ಮೇಲೆ ತಲೆಯೆತ್ತಿ ನಿಂತ ಆ ಕಟ್ಟಡ ಬಾಲಿಯವರಿಗೆ ಸರಿಬೀಳಲಿಲ್ಲ. ಕಟ್ಟಡ ತೆಂಗಿನ ಮರಕ್ಕಿಂತ ಎತ್ತರವಿರಬಾರದು, ಅಂದರೆ 15 ಮೀಟರ್ ಮೀರಬಾರದು ಎಂಬ ನಿಯಮ ಬಂದದ್ದು ಅದರ ನಂತರ.

1969ರಲ್ಲಿ ಕೂಟಾದ ಪಕ್ಕದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸಿದ್ಧವಾಯಿತು. 1971ರಲ್ಲಿ ಫ್ರೆಂಚ್ ಸಲಹೆಗಾರರು ವಿಶ್ವಬ್ಯಾಂಕಿನ ನೆರವಿನಿಂದ ಒಂದು ಯೋಜನೆ ಬರೆದರು. ಅದರ ಸಾರ ಸರಳ: ಪ್ರವಾಸಿಗಳ ಹಣ ಬೇಕು, ಆದರೆ ಅವರು ಊರೂರಿನೊಳಗೆ ನುಗ್ಗಿ ಸಂಸ್ಕೃತಿಯನ್ನು ಕೆಡಿಸಬಾರದು. ಆದ್ದರಿಂದ ಜನವಸತಿ ಕಡಿಮೆಯಿರುವ, ಬೇಸಾಯಕ್ಕೆ ಒಗ್ಗದ ದಕ್ಷಿಣದ ಒಣಭೂಮಿ ನೂಸಾ ದುವಾದಲ್ಲಿ ದೊಡ್ಡ ಹೋಟೆಲುಗಳ ಪ್ರತ್ಯೇಕ ಕೇರಿ ಕಟ್ಟಿ ಅವರನ್ನು ಅಲ್ಲಿಯೇ ಇರಿಸುವುದು. ಅಲ್ಲಿನ ಮೊದಲ ದೊಡ್ಡ ಹೋಟೆಲು ತೆರೆದದ್ದು 1983ರಲ್ಲಿ.

ಅಷ್ಟರಲ್ಲಿ ಕೂಟಾ ಯಾರ ಯೋಜನೆಗೂ ಕಾಯದೆ ಬೆಳೆದುಬಿಟ್ಟಿತ್ತು. 1970ರ ಆಸುಪಾಸಿನಲ್ಲಿ ಹೆಗಲ ಮೇಲೆ ಚೀಲ, ಕಂಕುಳಲ್ಲಿ ಹಲಗೆ ಹೊತ್ತ ತರುಣರು ಬರತೊಡಗಿದರು. ಹೆಚ್ಚಿನವರು ಆಸ್ಟ್ರೇಲಿಯದವರು. ದೊಡ್ಡ ಹೋಟೆಲಿಗೆ ಕೊಡಲು ಅವರಲ್ಲಿ ಕಾಸಿರಲಿಲ್ಲ. ಕೂಟಾದ ರೈತರು, ಮೀನುಗಾರರು ತಮ್ಮ ಹಿತ್ತಿಲಿನಲ್ಲಿಯೇ ಎರಡು ಮೂರು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರು. ಬೆಳಿಗ್ಗೆ ಬಾಳೆಹಣ್ಣಿನ ದೋಸೆ, ಕರಿಕಾಫಿ. ಸ್ನಾನಕ್ಕೆ ತೊಟ್ಟಿ ನೀರು, ಒಂದು ಚೊಂಬು. ಇಂಥ ವಸತಿಗೆ ‘ಲೋಸ್ಮೆನ್’ ಎಂದು ಹೆಸರು. ತಂಗುದಾಣ ಎಂಬ ಅರ್ಥದ ಡಚ್ ಮಾತು ಅಲ್ಲಿನವರ ನಾಲಿಗೆಯಲ್ಲಿ ಹಾಗಾಗಿದೆ. ಇನ್ನು ಕೆಲವರು ‘ವಿಸ್ಮಾ’ ಎಂದು ಬೋರ್ಡು ಬರೆಸಿದರು. ಅದು ಮನೆ ಎಂಬ ಅರ್ಥದ ಸಂಸ್ಕೃತದ ‘ವೇಶ್ಮ’. ಮಾಲೀಕರ ಹೆಸರುಗಳು ಮಾತ್ರ ಎಲ್ಲ ಕಡೆಯೂ ಅವೇ: ವಾಯನ್, ಮಾದೆ, ನ್ಯೋಮನ್, ಕೆತುತ್. ಬಾಲಿಯಲ್ಲಿ ಸಾಮಾನ್ಯ ಜನರು ಹುಟ್ಟಿದ ಕ್ರಮಕ್ಕೆ ಸರಿಯಾಗಿ ಮೊದಲನೆಯ ಮಗುವಿಗೆ ಒಂದು, ಎರಡನೆಯದಕ್ಕೆ ಇನ್ನೊಂದು ಎಂದು ನಾಲ್ಕು ಹೆಸರಿಡುತ್ತಾರೆ. ಬೋರ್ಡು ಓದಿದರೆ ಯಜಮಾನ ಮನೆಗೆ ಎಷ್ಟನೆಯ ಮಗನೆಂದು ತಿಳಿಯುತ್ತಿತ್ತು.

ಈ ಓಣಿಗಳಿಗೆ ಅಲ್ಲಿನ ಭಾಷೆಯಲ್ಲಿ ‘ಗಾಂಗ್’ ಎನ್ನುತ್ತಾರೆ. 1973ರಲ್ಲಿ ತೆರೆದ ಪಾಪೀಸ್ ಎಂಬ ಊಟದ ಮನೆಯಿಂದ ಹೆಸರು ಪಡೆದ ಪಾಪೀಸ್ ಗಾಂಗ್ ಜಗತ್ತಿನ ಅಲೆ ಸವಾರರಿಗೆಲ್ಲ ಪರಿಚಿತವಾಯಿತು. 1971ರಲ್ಲಿ ಆಲ್ಬಿ ಫಾಲ್ಜನ್ ಎಂಬ ಆಸ್ಟ್ರೇಲಿಯನ್ ಛಾಯಾಗ್ರಾಹಕ ಉಲುವಾಟುವಿನ ಅಲೆಗಳನ್ನು ‘ಮಾರ್ನಿಂಗ್ ಆಫ್ ದಿ ಅರ್ಥ್’ ಚಿತ್ರಕ್ಕಾಗಿ ಸೆರೆಹಿಡಿದ ಮೇಲೆ ಬರುವವರ ಸಂಖ್ಯೆ ಇನ್ನೂ ಏರಿತು. ಬಾಲಿಯ ಹುಡುಗರೂ ಹಲಗೆ ಹಿಡಿದರು. ಅಲ್ಲಿ ಬೆಳೆದ ರಿಯೊ ವೈದಾ ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಇಂಡೋನೇಷ್ಯದ ಪರವಾಗಿ ಸರ್ಫಿಂಗ್ ಸ್ಪರ್ಧೆಗೆ ಇಳಿದ.

ಎರಡು ಊರುಗಳ ವ್ಯತ್ಯಾಸ ಗಮನಿಸಬೇಕು. ನೂಸಾ ದುವಾದಲ್ಲಿ ಅತಿಥಿ ಕೊಟ್ಟ ಬಾಡಿಗೆ ದೊಡ್ಡ ಬಂಡವಾಳದವರ ಲೆಕ್ಕಕ್ಕೆ ಹೋಗುತ್ತದೆ. ಊರಿನವನಿಗೆ ಸಿಗುವುದು ಸಂಬಳ. ಕೂಟಾದ ಓಣಿಯಲ್ಲಿ ಬಾಡಿಗೆ ಮನೆಯವನ ಕೈಗೇ ಬರುತ್ತಿತ್ತು. ಸಂಸ್ಕೃತಿಯನ್ನು ಕಾಪಾಡಲೆಂದು ಹಾಕಿದ ಬೇಲಿ ಆದಾಯವನ್ನೂ ಬೇಲಿಯೊಳಗೆ ಇಟ್ಟುಕೊಂಡಿತು. ಬೇಲಿಯಿಲ್ಲದ ಕೂಟಾ ಗದ್ದಲದ ಊರಾಯಿತು, ಮೋಜಿನ ಊರಾಯಿತು. ಆದರೂ ಅಲ್ಲಿ ಹಿತ್ತಿಲಿನ ಗುಡಿಗೆ ಮನೆಯಾಕೆ ದಿನವೂ ಹೂವು, ಅಕ್ಕಿಯ ಎಡೆಯಿಡುವುದು ನಿಲ್ಲಲಿಲ್ಲ.

ಗಾಳಿ, ಮರಳು, ಹವಳ

ಅಲೆಗಾಗಿಯೇ ಹೋಗುವವನು ಬಿಡಾರ ಆರಿಸುವಾಗ ಸಮುದ್ರದ ಮಾತನ್ನೂ ಕೇಳಬೇಕು. ಬಾಲಿಯ ದೊಡ್ಡ ಅಲೆಗಳು ಹುಟ್ಟುವುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಲ್ಲಿ. ಸಾವಿರಾರು ಕಿಲೋಮೀಟರ್ ಉರುಳಿ ಬಂದು, ತಳ ಮೇಲೇರಿದ ಕಡೆ ಅವು ಎದ್ದು ಮುರಿಯುತ್ತವೆ. ತಳ ಮರಳಾಗಿದ್ದರೆ ಅಲೆ ಇವತ್ತು ಇಲ್ಲಿ, ನಾಳೆ ಅಲ್ಲಿ ಮುರಿಯುತ್ತದೆ. ಬಿದ್ದರೂ ಮೈಗೆ ಮರಳು ಮಾತ್ರ. ತಳ ಹವಳದ ಬಂಡೆಯಾಗಿದ್ದರೆ ಅದೇ ಜಾಗದಲ್ಲಿ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಮುರಿಯುತ್ತದೆ. ಬಿದ್ದರೆ ಚರ್ಮ ಕಿತ್ತುಬರುತ್ತದೆ. ಕೂಟಾ ಮತ್ತು ಲೆಗಿಯಾನ್ ಮರಳಿನ ತೀರ, ಕಲಿಯುವವರಿಗೆ ಒಳ್ಳೆಯದು. ಚಂಗುವಿನ ಬಾತು ಬೊಲೊಂಗ್‌ನಲ್ಲಿ ಅಲೆ ನಿಧಾನವಾಗಿ ಏಳುತ್ತದೆ. ಉದ್ದ ಹಲಗೆಯವರಿಗೆ ಅದು ಇಷ್ಟ. ಬುಕಿತ್ ಎಂಬ ಸುಣ್ಣಕಲ್ಲಿನ ದಕ್ಷಿಣ ಭೂಶಿರದ ಉಲುವಾಟು, ಪದಾಂಗ್ ಪದಾಂಗ್, ಬಿಂಗಿನ್ ಹವಳದ ತೀರಗಳು. ಅಲ್ಲಿ ನುರಿತವರಿಗೆ ಮಾತ್ರ ಕೆಲಸ; ಅದೂ ಇಳಿತದ ಹೊತ್ತಿನಲ್ಲಿ ಬಂಡೆ ತೀರ ಮೇಲಕ್ಕೆ ಬರುವುದರಿಂದ ಭರತ-ಇಳಿತದ ವೇಳೆ ನೋಡಿಯೇ ಇಳಿಯಬೇಕು.

ಇನ್ನು ಗಾಳಿ. ನೆಲದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿಯುತ್ತದೆ. ಕಡಲಿನಿಂದ ನೆಲಕ್ಕೆ ಬೀಸಿದರೆ ಅಲೆ ಕಲಕಿ ಹಾಳಾಗುತ್ತದೆ. ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲಿ ಗಾಳಿ ಆಗ್ನೇಯದ್ದು. ಆಗ ಕೂಟಾ, ಚಂಗು, ಉಲುವಾಟು ಇರುವ ಪಶ್ಚಿಮ ತೀರ ಚೆನ್ನ. ಮಳೆಗಾಲದಲ್ಲಿ ಗಾಳಿ ಪಶ್ಚಿಮಕ್ಕೆ ತಿರುಗುತ್ತದೆ. ಆಗ ಸಾನೂರ್, ನೂಸಾ ದುವಾ ಇರುವ ಪೂರ್ವ ತೀರ ಮೇಲು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅದೇ ಪಶ್ಚಿಮದ ಗಾಳಿ ನದಿಗಳು ತಂದು ಸುರಿದ ಕಸವನ್ನು ಕೂಟಾದ ಮರಳಿಗೆ ತಂದು ಒಡ್ಡುತ್ತದೆ. 2017ರ ಕೊನೆಯಲ್ಲಿ ಪ್ಲಾಸ್ಟಿಕ್ ರಾಶಿ ಎಷ್ಟಾಯಿತೆಂದರೆ ಆ ತೀರದಲ್ಲಿ ಕಸದ ತುರ್ತುಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ನಮ್ಮ ಬೇಸಿಗೆ ರಜೆಗೆ ಹೊರಟವರಿಗೆ ಪಶ್ಚಿಮ ತೀರ, ಕ್ರಿಸ್‌ಮಸ್ ರಜೆಯವರಿಗೆ ಪೂರ್ವ ತೀರ ಎಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು. ಈಜಲು ಬಾರದವರು ಯಾವ ತೀರದಲ್ಲಿಯಾದರೂ ಕಾವಲಿನವರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆಯಷ್ಟೇ ನೀರಿಗಿಳಿಯಬೇಕು. ಕೂಟಾದ ನೀರು ಮೇಲೆ ಸೌಮ್ಯವಾಗಿ ಕಂಡರೂ ಒಳಸೆಳೆತ ಬಲವಾದದ್ದು.

ಗದ್ದೆಯ ನೋಟಕ್ಕೆ ತೆತ್ತ ಬೆಲೆ

ಕೂಟಾ ತುಂಬಿದ ಮೇಲೆ ಊರು ತೀರದುದ್ದಕ್ಕೂ ಉತ್ತರಕ್ಕೆ ಹರಿಯಿತು: ಲೆಗಿಯಾನ್, ಸೆಮಿನ್ಯಾಕ್, ಆಮೇಲೆ ಚಂಗು. ಚಂಗುವಿನಲ್ಲಿ ಗದ್ದೆ ಕಡಲಿನ ಸಮೀಪದವರೆಗೆ ಬಂದಿತ್ತು. ಒಂದು ಕಡೆ ಅಲೆ, ಇನ್ನೊಂದು ಕಡೆ ಹಸಿರು. ಬಂದವರಿಗೆ ಇದಕ್ಕಿಂತ ಇನ್ನೇನು ಬೇಕು? ಬೋರ್ಡಿನ ಮೇಲಿನ ಮಾತು ಲೋಸ್ಮೆನ್ ಹೋಗಿ ವಿಲಾ ಆಯಿತು.

ಇಂಡೋನೇಷ್ಯದ 1960ರ ಭೂಕಾನೂನಿನ ಪ್ರಕಾರ ವಿದೇಶೀಯರು ಭೂಮಿಯ ಪೂರ್ಣ ಒಡೆಯರಾಗುವಂತಿಲ್ಲ. ಆದ್ದರಿಂದ ಅವರು ಇಪ್ಪತ್ತೈದು ಮೂವತ್ತು ವರ್ಷಗಳ ಗುತ್ತಿಗೆ ಹಿಡಿಯುತ್ತಾರೆ. ಅಷ್ಟೂ ವರ್ಷದ ಹಣ ಸಾಮಾನ್ಯವಾಗಿ ರೈತನಿಗೆ ಒಟ್ಟಿಗೆ ಸಿಗುತ್ತದೆ. ದೇವಸ್ಥಾನದ ಖರ್ಚು, ಮಗನ ಓದು, ಒಂದು ಕಾರು. ಹಣ ಬೇಗ ಕರಗುತ್ತದೆ, ಗುತ್ತಿಗೆ ಮಾತ್ರ ಮೊಮ್ಮಗನ ಕಾಲದವರೆಗೆ ಉಳಿಯುತ್ತದೆ.

ಗದ್ದೆ ಒಬ್ಬನದಾದರೂ ನೀರು ಒಬ್ಬನದಲ್ಲ. ‘ಸುಬಕ್’ ಎಂಬ ರೈತರ ಸಂಘಗಳು ಶತಮಾನಗಳಿಂದ ಕಾಲುವೆಯ ನೀರನ್ನು ಸರದಿಯಂತೆ ಹಂಚುತ್ತ ಬಂದಿವೆ. ಅವುಗಳಿಗೆ ನೀರಿನದೇ ದೇಗುಲಗಳಿವೆ. 2012ರಲ್ಲಿ ಯುನೆಸ್ಕೋ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಮೇಲಿನ ಗದ್ದೆಯಲ್ಲಿ ಗೋಡೆ ಎದ್ದು ಕಾಲುವೆ ಮುಚ್ಚಿದರೆ ಕೆಳಗಿನ ಗದ್ದೆ ಒಣಗುತ್ತದೆ. ಸುತ್ತ ಭೂಮಿಯ ಬೆಲೆ ಏರಿದಂತೆ ಉಳಿದ ರೈತನ ತೆರಿಗೆಯೂ ಏರುತ್ತದೆ. ಕೊನೆಗೆ ಅವನೂ ಗುತ್ತಿಗೆಗೆ ಸಹಿ ಹಾಕುತ್ತಾನೆ. ಗದ್ದೆಯ ನೋಟವಿರುವ ಕೋಣೆಗಳು ಹೆಚ್ಚಿದಂತೆ ನೋಡಲು ಗದ್ದೆಯೇ ಇಲ್ಲದಾಗುವುದು ಹೀಗೆ. 2025ರ ಸೆಪ್ಟೆಂಬರ್‌ನಲ್ಲಿ ಭಾರಿ ಮಳೆಗೆ ದ್ವೀಪದಲ್ಲಿ ಪ್ರವಾಹ ಬಂದು ಹದಿನೈದಕ್ಕೂ ಹೆಚ್ಚು ಜನ ಸತ್ತಾಗ, ನೀರು ಇಂಗುವ ಗದ್ದೆಗಳೆಲ್ಲ ಕಟ್ಟಡವಾದವೆಂಬ ಮಾತು ಸರಕಾರದವರ ಬಾಯಿಂದಲೂ ಬಂತು. ಬೆಳೆ ಬರುವ ಗದ್ದೆಗಳಲ್ಲಿ ಇನ್ನು ಹೋಟೆಲಿಗೆ ಪರವಾನಗಿಯಿಲ್ಲವೆಂದು ಪ್ರಾಂತ ಸರಕಾರ ಹೇಳಿತು.

ಬುಕಿತ್‌ನ ಕಥೆ ಇನ್ನೊಂದು ಬಗೆ. ಅಲ್ಲಿ ಗದ್ದೆಯಿಲ್ಲ, ನೀರೂ ಇಲ್ಲ. ಸುಣ್ಣಕಲ್ಲು ಮಳೆಯನ್ನೆಲ್ಲ ಹೀರಿಬಿಡುತ್ತದೆ. ಇರುವುದು ಬಂಡೆಯ ತುದಿ, ಕೆಳಗೆ ಅಲೆ, ಉಲುವಾಟುವಿನ ಪುರಾತನ ದೇಗುಲ. 1994ರಲ್ಲಿ ಬಾಲಿ ಹಿಂದೂಗಳ ಧಾರ್ಮಿಕ ಪರಿಷತ್ತು ಇಂಥ ಮಹಾದೇಗುಲಗಳ ಸುತ್ತ ಐದು ಕಿಲೋಮೀಟರ್ ಪಾವಿತ್ರ್ಯದ ಎಲ್ಲೆಯೆಂದು ಆದೇಶ ಹೊರಡಿಸಿತ್ತು. ಆ ಅಳತೆಯೊಳಗೇ ಇಂದು ಎಷ್ಟೋ ವಿಲಾಗಳಿವೆ. ಬಿಂಗಿನ್ ತೀರದ ಬಂಡೆಯ ಮೈಗೆ ಅಂಟಿಕೊಂಡಂತೆ ಎದ್ದಿದ್ದ ನಲವತ್ತಕ್ಕೂ ಹೆಚ್ಚು ವಸತಿ, ಉಪಾಹಾರ ಗೃಹಗಳನ್ನು ಸರಕಾರಿ ಭೂಮಿಯ ಅಕ್ರಮ ಕಟ್ಟಡಗಳೆಂದು 2025ರ ಜುಲೈಯಲ್ಲಿ ಒಡೆಯಲಾರಂಭಿಸಿದರು. ಅಲೆಗೆ ಅತ್ಯಂತ ಹತ್ತಿರದ ಕೋಣೆಗಳು ಅವೇ ಆಗಿದ್ದವು. ಅವುಗಳನ್ನು ನಡೆಸುತ್ತಿದ್ದವರಲ್ಲಿ ಹಲವರು ಸ್ಥಳೀಯರೇ. ಸುತ್ತಲಿನ ದೊಡ್ಡ ಬಂಡವಾಳ ಹಾಗೇ ಇರುವಾಗ ತಮ್ಮ ಅಂಗಡಿಯೇ ಮೊದಲು ಏಕೆ ಎಂಬ ಅವರ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾನೂನು ಇದ್ದೂ ದಶಕಗಳ ಕಾಲ ಕಣ್ಣು ಮುಚ್ಚಿದವರದೂ ಅದರಲ್ಲಿ ಪಾಲಿದೆ.

ಯುಗಾದಿಯ ಮೌನ

ಬಿಡಾರ ಆರಿಸುವ ಕನ್ನಡಿಗರು ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಬಾಲಿಯ ಹೊಸವರ್ಷವೂ ನಮ್ಮ ಹಾಗೆ ಶಕ ವರ್ಷದ್ದೇ. ಅದರ ಹೆಸರು ‘ನ್ಯೆಪಿ’. ಅಮಾವಾಸ್ಯೆಯ ಮರುದಿನ ಬರುವ ಈ ಹಬ್ಬ ಕೆಲವು ವರ್ಷ ನಮ್ಮ ಯುಗಾದಿಗೆ ಸರಿಯಾಗಿ ಕೂಡುತ್ತದೆ. 2023ರಲ್ಲಿ ಮಾರ್ಚ್ 22ರಂದು, 2026ರಲ್ಲಿ ಮಾರ್ಚ್ 19ರಂದು ಎರಡೂ ಒಂದೇ ದಿನ. 2025ರಲ್ಲಿ ಒಂದು ದಿನದ ಅಂತರ.

ಆದರೆ ಆಚರಣೆ ತೀರ ಬೇರೆ. ಹಿಂದಿನ ರಾತ್ರಿ ಭಾರಿ ಭೂತಗಳ ಗೊಂಬೆ ಹೊತ್ತು ಬೀದಿ ನಡುಗುವಂತೆ ಮೆರವಣಿಗೆ. ಬೆಳಗಾದರೆ ಇಡೀ ದ್ವೀಪ ಸ್ತಬ್ಧ. ನಿಯಮ ನಾಲ್ಕು: ಬೆಂಕಿ ಹಚ್ಚಬಾರದು, ಕೆಲಸ ಮಾಡಬಾರದು, ಹೊರಗೆ ಹೋಗಬಾರದು, ಮನರಂಜನೆ ಕೂಡದು. ಮೊದಲೆರಡರ ಹೆಸರು ‘ಅಮತಿ ಗೆನಿ’, ‘ಅಮತಿ ಕಾರ್ಯ’. ಗೆನಿ ನಮ್ಮ ಅಗ್ನಿಯೇ, ಕಾರ್ಯವಂತೂ ಕಾರ್ಯವೇ. ವಿಮಾನ ನಿಲ್ದಾಣ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ. 2018ರಿಂದ ಮೊಬೈಲಿನ ಇಂಟರ್ನೆಟ್ ಕೂಡ ನಿಲ್ಲಿಸುತ್ತಿದ್ದಾರೆ. ‘ಪೆಚಲಾಂಗ್’ ಎಂಬ ಊರ ಕಾವಲುಗಾರರು ಗಸ್ತು ತಿರುಗುತ್ತಾರೆ. ಅತಿಥಿ ಎಷ್ಟೇ ದೊಡ್ಡವನಿರಲಿ, ಅಲೆ ಎಷ್ಟೇ ಚೆನ್ನಾಗಿರಲಿ, ತೀರಕ್ಕೆ ಇಳಿಯುವಂತಿಲ್ಲ.

ಆ ಒಂದು ದಿನ ಬಿಡಾರದ ನಿಜವಾದ ಗುಣ ಗೊತ್ತಾಗುತ್ತದೆ. ದೊಡ್ಡ ಹೋಟೆಲಿನಲ್ಲಿದ್ದವರು ಪರದೆ ಎಳೆದು ಈಜುಕೊಳದ ಬಳಿ ಹೊತ್ತು ಕಳೆಯುತ್ತಾರೆ. ಮನೆಯವರೊಡನೆ ಇರುವವರು ಅವರಂತೆಯೇ ಮೊದಲೇ ಬೇಯಿಸಿಟ್ಟದ್ದನ್ನು ತಿಂದು, ದೀಪವಿಲ್ಲದ ರಾತ್ರಿಯಲ್ಲಿ ಅಂಗಳದಲ್ಲಿ ಕುಳಿತು ನಕ್ಷತ್ರ ನೋಡುತ್ತಾರೆ. ಲಕ್ಷಾಂತರ ಅತಿಥಿಗಳಿರುವ ಊರು ವರ್ಷಕ್ಕೊಮ್ಮೆ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿ, ಇದು ತನ್ನ ಮನೆಯೆಂದು ಹೇಳಿಕೊಳ್ಳುವ ದಿನ ಅದು.

ಯಾರ ಅಂಗಳ?

2002ರ ಅಕ್ಟೋಬರ್ 12ರ ರಾತ್ರಿ ಕೂಟಾದ ಎರಡು ಮೋಜಿನ ತಾಣಗಳಲ್ಲಿ ಬಾಂಬು ಸಿಡಿದು 202 ಜನ ಸತ್ತರು. 2005ರಲ್ಲಿ ಮತ್ತೆ ಸ್ಫೋಟವಾಯಿತು. ಎರಡೂ ಸಲ ಕೋಣೆಗಳು ಬರಿದಾದವು. 2019ರಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ವಿದೇಶೀ ಪ್ರವಾಸಿಗಳನ್ನು ಕಂಡಿದ್ದ ದ್ವೀಪಕ್ಕೆ ಕೋವಿಡ್ ಕಾಲದ 2021ರಲ್ಲಿ ಬಂದವರು ನೂರರ ಒಳಗೆ. ಆಗ ಹೋಟೆಲಿನ ಕೆಲಸ ಹೋದ ಎಷ್ಟೋ ಜನ ಊರಿಗೆ ಮರಳಿ ಗದ್ದೆ ಹೂಡಿದರು. ಲೆಂಬೊಂಗಾನ್ ನಡುಗಡ್ಡೆಯವರು ಬಿಟ್ಟಿದ್ದ ಕಡಲಪಾಚಿಯ ಬೇಸಾಯಕ್ಕೆ ಹಿಂತಿರುಗಿದರು. ಮರಳಲು ಗದ್ದೆ ಉಳಿಸಿಕೊಂಡವರಿಗೆ ಅದು ಸಾಧ್ಯವಾಯಿತು. ಗುತ್ತಿಗೆಗೆ ಕೊಟ್ಟು ಕುಳಿತವರಿಗೆ ಮರಳುವ ದಾರಿಯಿರಲಿಲ್ಲ. ಪ್ರವಾಸಿಯ ಹಣ ಭರತದ ನೀರಿನ ಹಾಗೆ. ಇಳಿತದಲ್ಲಿ ಕಾಲೂರಲು ನೆಲ ಬೇಕು.

ಈ ಮಾತು ನಮ್ಮ ತೀರಕ್ಕೂ ಸಲ್ಲುತ್ತದೆ. ಗೋಕರ್ಣದಲ್ಲಿ ಯಾತ್ರಿಕರು ಹಿಂದೆ ಪುರೋಹಿತರ ಮನೆಗಳಲ್ಲಿಯೇ ಇಳಿದುಕೊಳ್ಳುತ್ತಿದ್ದರು; ಊರಿನ ಮುಖ ದೇವಸ್ಥಾನದ ಕಡೆಗಿತ್ತು. ಗುಡ್ಡದಾಚೆಯ ಕುಡ್ಲೆ, ಓಂ ತೀರಗಳಿಗೆ ಬೆಲೆ ಬಂದದ್ದು ಪರದೇಶದವರು ಬಂದ ಮೇಲೆ. ಮುಲ್ಕಿ, ಸಸಿಹಿತ್ಲುಗಳಲ್ಲಿ ಇಂದು ನಮ್ಮ ಹುಡುಗರು ಹಲಗೆಯ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದಾರೆ. ಆ ತೀರದ ಮೊದಲ ಕೋಣೆಗಳನ್ನು ಯಾರು, ಯಾರ ನೆಲದಲ್ಲಿ ಕಟ್ಟುತ್ತಾರೆಂಬುದು ಮುಂದಿನ ಐವತ್ತು ವರ್ಷದ ಕಥೆಯನ್ನು ಬರೆಯಲಿದೆ.

ಹಾಗಾದರೆ ಬಾಲಿಯಲ್ಲಿ ಬಿಡಾರ ಎಲ್ಲಿ? ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಕುಟುಂಬಕ್ಕೆ ಹವಳದ ದಿಬ್ಬ ಅಲೆಯನ್ನು ದೂರದಲ್ಲಿಯೇ ತಡೆಯುವ ಸಾನೂರ್ ಒಳ್ಳೆಯದು. ಕಲಿಯುವವನಿಗೆ ಕೂಟಾ, ಲೆಗಿಯಾನ್‌ಗಳ ಓಣಿ. ನುರಿತವನಿಗೆ ಬುಕಿತ್, ಅಲ್ಲಿ ಬಕೆಟ್ಟು ನೀರಿಗೂ ಬೆಲೆಯಿದೆಯೆಂದು ನೆನಪಿಟ್ಟುಕೊಂಡರೆ ಸಾಕು. ಎಲ್ಲಿಯೇ ಆದರೂ, ಮುಂಗಡ ಹಣ ಕಟ್ಟುವ ಮೊದಲು ಮನೆಯ ಯಜಮಾನರು ಯಾರು, ಅವರು ಅದೇ ಹಿತ್ತಿಲಿನಲ್ಲಿ ಇದ್ದಾರೆಯೇ ಎಂದು ಕೇಳಬಹುದು. ಬೆಳಿಗ್ಗೆ ಎದ್ದಾಗ ಹೊಸ್ತಿಲ ಮುಂದೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು ಇಟ್ಟಿದ್ದರೆ, ಅದನ್ನು ಇಟ್ಟವರು ಮನೆಯವರೇ ಆಗಿದ್ದರೆ, ಸಮುದ್ರ ಹತ್ತು ನಿಮಿಷದ ನಡಿಗೆಯಷ್ಟು ದೂರವಿದ್ದರೂ ನಷ್ಟವಿಲ್ಲ. ಹಳೆಯ ಬಾಲಿಯವರು ಕಡಲಿಗೆ ಹೋಗುತ್ತಿದ್ದುದೂ ಹಾಗೆಯೇ, ನಡೆದುಕೊಂಡು.